ಮೀನು ಹಿಡಿಯುವವನಿಗೆ ಲೈಸನ್ಸ್ ಬೇಕು, ಕೊಳ್ಳುವ ನಮಗೆ ಲೆಕ್ಕ ಬೇಕು

ಲೈಸನ್ಸ್ ಎಂಬ ಶಬ್ದ ಕೇಳಿದರೆ ಸಾಕು, ನಮ್ಮ ಹೊಟೇಲ್ ಬಂಧುಗಳ ಮುಖ ಹುಳ್ಳಗಾಗುತ್ತದೆ. ಎಫ್‌ಡಿಎ, ಮಹಾನಗರಪಾಲಿಕೆಯ ಆರೋಗ್ಯ ವಿಭಾಗ, ಅಗ್ನಿಶಾಮಕ ದಳ, ಮಾಲಿನ್ಯ ನಿಯಂತ್ರಣ ಮಂಡಳಿ, ಬಾರ್ ಇದ್ದರೆ ಅಬಕಾರಿ ಎಂದು ಗಲ್ಲಾದ ಹಿಂದಿನ ಗೋಡೆಯಲ್ಲಿ ದೇವರ ಪಟಗಳಿಗಿಂತ ಕಟ್ಟು ಹಾಕಿಸಿದ ಕಾಗದಗಳೇ ಹೆಚ್ಚು. ಅಂಥದ್ದರಲ್ಲಿ ಇನ್ನೂ ಒಂದು ಲೈಸನ್ಸ್ ಬರಲಿ ಎಂದು ನಮ್ಮವನೇ ಒಬ್ಬ ನಮ್ಮದೇ ಪತ್ರಿಕೆಯಲ್ಲಿ ಬರೆದರೆ ಬೈಗುಳ ಬೀಳುವುದು ಸಹಜ. ಆದರೆ ನಾನು ಕೇಳುತ್ತಿರುವ ಲೈಸನ್ಸ್ ನಮಗಲ್ಲ. ಉಲ್ಹಾಸ್, ಕಾಳು, ಭಾತ್ಸಾ ನದಿಗಳಲ್ಲಿ, ನಮ್ಮ ಸುತ್ತಲಿನ ಕೆರೆಗಳಲ್ಲಿ ಸೇರಿಕೊಂಡಿರುವ ಪರದೇಶದ ಮೀನನ್ನು ಹಿಡಿದು ತೆಗೆಯುವ ಮೀನುಗಾರನಿಗೆ. ಅದು ಇಲ್ಲದಿರುವುದರಿಂದ ನಮಗೇನು ತೊಂದರೆ ಎಂಬುದನ್ನು ಹೇಳುತ್ತೇನೆ, ತಾಳ್ಮೆಯಿಂದ ಓದಬೇಕು.

ಮೊದಲು ಮೀನಿನ ಪರಿಚಯ. ಮಾರುಕಟ್ಟೆಯಲ್ಲಿ ಇದಕ್ಕೆ ಥಾಯ್ ಮಾಂಗೂರ್ ಅಥವಾ ಮಾಗುರ್ ಎಂದು ಹೆಸರು. ಹೆಸರು ಥೈಲ್ಯಾಂಡಿನದ್ದಾದರೂ ಮೀನು ಆಫ್ರಿಕಾದ್ದು. ಊರಿನಲ್ಲಿ ಮೊದಲ ಮಳೆಗೆ ತೋಡಿನಿಂದ ಗದ್ದೆಗೆ ಏರಿ ಬರುವ ನಮ್ಮ ಮುಗುಡು ಮೀನಿನ ದಾಯಾದಿ ಎನ್ನಬಹುದು. ಮೀಸೆ ಅದೇ, ಜಾರುವ ಮೈ ಅದೇ. ಆದರೆ ನಮ್ಮ ಮುಗುಡು ಗೇಣುದ್ದದ ಸಾಧು ಪ್ರಾಣಿ. ಇದು ಒಂದು ಮೀಟರಿಗೂ ಮೀರಿ ಬೆಳೆಯುತ್ತದೆ, ಸಿಕ್ಕಿದ್ದನ್ನೆಲ್ಲ ತಿನ್ನುತ್ತದೆ, ಕೊಳೆತ ನೀರಿನಲ್ಲೂ ಬದುಕುತ್ತದೆ. ಗಾಳಿಯನ್ನೇ ಉಸಿರಾಡಬಲ್ಲದಾದ್ದರಿಂದ ಒದ್ದೆ ನೆಲದ ಮೇಲೆ ತೆವಳಿಕೊಂಡು ಒಂದು ಹೊಂಡದಿಂದ ಇನ್ನೊಂದಕ್ಕೆ ದಾಟುತ್ತದೆ. ಇದು ಹೊಕ್ಕ ನೀರಿನಲ್ಲಿ ಊರಿನ ಮೀನುಗಳು ಉಳಿಯುವುದು ಕಷ್ಟ. ಅತ್ತ ನಮ್ಮ ದೇಶದ ಮಾಗುರ್ ಇಂದು ಅಳಿವಿನಂಚಿನ ಪಟ್ಟಿಯಲ್ಲಿದೆ.

ಇದರ ಸಾಕಣೆಯನ್ನು ಕೇಂದ್ರ ಸರಕಾರ ನಿಷೇಧಿಸಿದ್ದು 2000ನೇ ಇಸವಿಯಲ್ಲಿ. ನಿಷೇಧ ಕಾಗದದಲ್ಲಿ ಉಳಿಯಿತು, ಸಾಕಣೆ ಹೊಂಡದಲ್ಲಿ ಮುಂದುವರಿಯಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಪೀಠ ಕಟ್ಟುನಿಟ್ಟಿನ ಆದೇಶ ಕೊಟ್ಟ ಮೇಲೆ ಮಹಾರಾಷ್ಟ್ರದ ಮೀನುಗಾರಿಕಾ ಇಲಾಖೆ ಎಚ್ಚೆತ್ತಿತು. 2020ರಲ್ಲಿ ರಾಜ್ಯದಲ್ಲಿ ಇಂಥ 32 ಟನ್ ಮೀನನ್ನು ನಾಶ ಮಾಡಿದ ಸುದ್ದಿಯನ್ನು ಪತ್ರಿಕೆಗಳಲ್ಲಿ ಎಲ್ಲರೂ ಓದಿದ್ದೇವೆ. ನಮ್ಮ ಥಾಣೆ ಜಿಲ್ಲೆಯ ಭಿವಂಡಿ ಕಡೆಯ ಹೊಂಡಗಳ ಹೆಸರೂ ಈ ವಿಷಯದಲ್ಲಿ ಕೇಳಿಬಂದದ್ದೇ. ಡೊಂಬಿವಲಿಯಿಂದ, ಕಲ್ಯಾಣ್‌ನಿಂದ ಅದೇನು ದೂರವೇ?

ಹೊಂಡದಲ್ಲಿರುವ ಮೀನು ಹೊಂಡದಲ್ಲಿಯೇ ಇರುವುದಿಲ್ಲ. 2019ರ ಜುಲೈ 27ರಂದು ಉಲ್ಹಾಸ್ ನದಿ ಉಕ್ಕಿ ಬದ್ಲಾಪುರ-ವಾಂಗಣಿ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ನಡುವೆ ನಿಂತುಬಿಟ್ಟದ್ದು ನೆನಪಿರಬಹುದು. ಸಾವಿರಕ್ಕೂ ಹೆಚ್ಚು ಪ್ರಯಾಣಿಕರನ್ನು ದೋಣಿಯಲ್ಲಿ ಕರೆತರಬೇಕಾಯಿತು. 2005ರ ಜುಲೈ 26ರ ಮಳೆಯನ್ನಂತೂ ನಮ್ಮ ಪೀಳಿಗೆ ಮರೆಯುವಂತಿಲ್ಲ. ರೈಲನ್ನೇ ಮುಳುಗಿಸುವ ನೆರೆಗೆ ಮೀನಿನ ಹೊಂಡದ ಕಟ್ಟೆ ಯಾವ ಲೆಕ್ಕ? ಒಂದು ಮಳೆಗಾಲದ ನೆರೆ ಸಾಕು, ಕದ್ದು ಸಾಕಿದ್ದೆಲ್ಲ ನದಿಯ ಪಾಲು.

ಈಗ ನದಿಯಲ್ಲಿ ಬಲೆ ಬೀಸುವ ಬಡ ಮೀನುಗಾರನ ಗತಿ ನೋಡಿ. ಬಲೆಯಲ್ಲಿ ನಾಲ್ಕು ಕಿಲೋದ ಒಂದು ಮಾಗುರ್ ಸಿಕ್ಕಿತು. ಅವನು ಏನು ಮಾಡಬೇಕು? ಮಾರುವಂತಿಲ್ಲ, ನಿಷೇಧಿತ ಮೀನು. ತಿರುಗಿ ನೀರಿಗೆ ಬಿಟ್ಟರೆ ಮುಂದಿನ ಮಳೆಗೆ ಅದು ಸಾವಿರ ಮರಿ ಹಾಕುತ್ತದೆ. ಇಲಾಖೆಗೆ ಒಪ್ಪಿಸೋಣವೆಂದರೆ ಅದಕ್ಕೆ ಒಂದು ಗೊತ್ತಾದ ಜಾಗವಿಲ್ಲ, ದಿನದ ಕೂಲಿಯೂ ಹುಟ್ಟುವುದಿಲ್ಲ. ಆದುದರಿಂದ ಅವನು ತಲೆ ಕಡಿದು, ತುಂಡು ಮಾಡಿ, ಬೇರೆ ಹೆಸರಿನಲ್ಲಿ ಯಾರಿಗೋ ಕೊಡುತ್ತಾನೆ. ಕದ್ದು ಸಾಕುವವನ ಮಾಲೂ ಅದೇ ದಾರಿಯಲ್ಲಿ ಬರುತ್ತದೆ. ಎರಡೂ ಒಂದೇ ಐಸ್ ಪೆಟ್ಟಿಗೆಯಲ್ಲಿ ಸೇರಿದ ಮೇಲೆ ಯಾವುದು ನದಿಯದ್ದು, ಯಾವುದು ಕೋಳಿಯ ಕರುಳು ತಿಂದು ಬೆಳೆದದ್ದು ಎಂದು ಬ್ರಹ್ಮನೂ ಹೇಳಲಾರ. ಆ ಪೆಟ್ಟಿಗೆ ಕೊನೆಗೆ ಬಂದು ಇಳಿಯುವುದು ಯಾರದೋ ಅಡುಗೆಮನೆಯ ಹಿಂಬಾಗಿಲಿಗೆ.

ಅದು ನಮ್ಮ ಹಿಂಬಾಗಿಲು ಆಗಬಾರದು ಎಂಬುದು ನನ್ನ ಕಾಳಜಿ.

ಇದೇ ಸಮಸ್ಯೆ ಬೇರೆ ದೇಶಗಳಲ್ಲಿ ಬೇರೆ ಪ್ರಾಣಿಯ ರೂಪದಲ್ಲಿದೆ. ಅಲ್ಲಿ ಅದಕ್ಕೆ ಕ್ರೇಫಿಶ್ ಎನ್ನುತ್ತಾರೆ. ಸಿಹಿನೀರಿನಲ್ಲಿ ಬದುಕುವ, ಏಡಿಯಂತೆ ಕೊಂಬುಗಾಲಿರುವ, ಸಿಗಡಿಯ ಆಕಾರದ ಪ್ರಾಣಿ. ನಮ್ಮ ದೇಶದಲ್ಲಿ ಸಹಜವಾಗಿ ಇದು ಇಲ್ಲ. ಅಲಂಕಾರದ ಮೀನಿನ ಅಂಗಡಿಗಳ ಮೂಲಕ ಮಾತ್ರ ಬಂದಿದೆ. ಇಂಗ್ಲೆಂಡಿನಲ್ಲಿ 1970ರ ದಶಕದಲ್ಲಿ ಅಮೆರಿಕದ ಸಿಗ್ನಲ್ ಕ್ರೇಫಿಶ್ ಎಂಬ ಜಾತಿಯನ್ನು ಸಾಕಿ ಮಾರಿ ಲಾಭ ಮಾಡೋಣವೆಂದು ತಂದರು. ಅದು ಹೊಂಡಗಳಿಂದ ತಪ್ಪಿಸಿಕೊಂಡು ನದಿಗಳನ್ನು ಸೇರಿತು, ಜೊತೆಗೆ ತಂದ ರೋಗದಿಂದ ಅಲ್ಲಿನ ಸ್ವಂತ ಕ್ರೇಫಿಶ್‌ಗಳು ಸತ್ತವು, ನದಿಯ ದಂಡೆಯನ್ನೆಲ್ಲ ಕೊರೆದು ಬಿಲ ಮಾಡಿತು. ಇವತ್ತು ಅಲ್ಲಿ ಯಾರಾದರೂ ಅದನ್ನು ಹಿಡಿಯಬೇಕಾದರೆ ಪರಿಸರ ಇಲಾಖೆಯ ಅನುಮತಿ ಬೇಕು, ಜಾಗದ ಮಾಲಕನ ಒಪ್ಪಿಗೆ ಬೇಕು. ಪ್ರತಿ ಬೋನಿಗೂ ಗುರುತಿನ ಚೀಟಿ ಕಟ್ಟಬೇಕು. ನೀರುನಾಯಿಗಳು ಒಳಗೆ ಸಿಕ್ಕಿ ಸಾಯದಂತೆ ಬೋನಿನ ಉದ್ದ, ಅಗಲ, ಬಾಯಿಯ ಅಳತೆಗೂ ನಿಯಮವಿದೆ. ಹಿಡಿದದ್ದನ್ನು ತಿರುಗಿ ನೀರಿಗೆ ಬಿಡುವಂತಿಲ್ಲ.

ಇಷ್ಟೆಲ್ಲ ಬಿಗಿ ಯಾಕೆ, ಹೇಗಿದ್ದರೂ ನಾಶವಾಗಬೇಕಾದ ಪ್ರಾಣಿಯಲ್ಲವೇ, ಸಿಕ್ಕಿದವರು ಸಿಕ್ಕಿದಷ್ಟು ಹಿಡಿಯಲಿ ಎಂದು ನಮಗೆ ಅನ್ನಿಸುತ್ತದೆ. ನನಗೂ ಮೊದಲ ಓದಿನಲ್ಲಿ ಹಾಗೆಯೇ ಅನ್ನಿಸಿತು. ಕಾರಣ ಎರಡು. ಬೋನಿಗೆ ಬೀಳುವುದು ಹೆಚ್ಚಾಗಿ ದೊಡ್ಡ ಗಂಡುಗಳು. ಮರಿಗಳನ್ನು ತಿಂದು ಹಾಕುತ್ತಿದ್ದವೂ ಅವೇ. ದೊಡ್ಡವು ಹೋದರೆ ಚಿಕ್ಕವುಗಳಿಗೆ ಹಬ್ಬ, ಸಂಖ್ಯೆ ಇಳಿಯುವ ಬದಲು ಏರಿದರೂ ಏರಿತು. ಎರಡನೆಯದು ಮನುಷ್ಯ ಸ್ವಭಾವ. ತಟ್ಟೆಯಲ್ಲಿ ಬೆಲೆ ಬಂತೆಂದರೆ ಅದನ್ನು ಮುಗಿಸಲು ಯಾರಿಗೂ ಮನಸ್ಸಿರುವುದಿಲ್ಲ. ಇಲ್ಲದ ಕೆರೆಗೂ ನಾಲ್ಕು ಬಿಟ್ಟು ಬರುತ್ತಾರೆ, ಮುಂದಿನ ವರ್ಷದ ಕೊಯ್ಲಿಗೆ. ಬಾಡಿಗೆ ಬರುವ ಮನೆಯನ್ನು ಕೆಡವಿದವರನ್ನು ನಾವು ಕಂಡಿದ್ದೇವೆಯೇ?

ಜರ್ಮನಿಯ ಬರ್ಲಿನ್ ನಗರದ್ದು ನಮ್ಮ ಉದ್ಯಮಕ್ಕೆ ಇನ್ನೂ ಹತ್ತಿರದ ಉದಾಹರಣೆ. 2017ರ ಮಳೆಯ ಸಮಯದಲ್ಲಿ ಊರ ನಡುವಿನ ಟಿಯರ್‌ಗಾರ್ಟನ್ ಉದ್ಯಾನದ ಕೊಳಗಳಿಂದ ಕೆಂಪು ಕ್ರೇಫಿಶ್‌ಗಳು ಎದ್ದು ರಸ್ತೆಯಲ್ಲಿ ನಡೆಯತೊಡಗಿದವು. 2018ರಲ್ಲಿ ನಗರಾಡಳಿತ ಒಬ್ಬ ವೃತ್ತಿಪರ ಮೀನುಗಾರನಿಗೆ ಅವುಗಳನ್ನು ಹಿಡಿದು ಹೊಟೇಲುಗಳಿಗೆ ಮಾರಲು ಪರವಾನಿಗೆ ಕೊಟ್ಟಿತು. ಹೀಗೆ ಒಬ್ಬ ಮನುಷ್ಯ, ಗೊತ್ತಾದ ಕೊಳಗಳು, ಗೊತ್ತಾದ ಅವಧಿ ಎಂದು ಎಲ್ಲವೂ ನಿಶ್ಚಯ. ಯುರೋಪಿನ ಕಾನೂನಿನ ಪ್ರಕಾರ ಆ ಪ್ರಾಣಿಯನ್ನು ಸಾಕುವುದು, ಸಾಗಿಸುವುದು, ಮಾರುವುದು ಎಲ್ಲವೂ ನಿಷಿದ್ಧ. ನಿರ್ಮೂಲನೆಯ ಭಾಗವಾಗಿ ಮಾತ್ರ ಈ ಸಣ್ಣ ಕಿಂಡಿ. ನಿಷೇಧವನ್ನು ಸಡಿಲಿಸದೆಯೇ ಮೀನುಗಾರನಿಗೆ ಒಂದು ದಾರಿ ತೋರಿಸಿದರು. ಹೊಟೇಲಿನವನಿಗೂ ತಾನು ಯಾರಿಂದ ಕೊಂಡೆ ಎಂದು ಎದೆ ತಟ್ಟಿ ಹೇಳಲು ಕಾಗದ ಸಿಕ್ಕಿತು.

ಇಂಥ ಕಿಂಡಿಯೇ ನಮ್ಮಲ್ಲೂ ಬೇಕಾದದ್ದು. ಮಹಾರಾಷ್ಟ್ರದಲ್ಲಿ ಕೆರೆ, ಜಲಾಶಯಗಳ ಮೀನುಗಾರಿಕೆಯನ್ನು ಮೀನುಗಾರರ ಸಹಕಾರಿ ಸಂಘಗಳಿಗೆ ಗುತ್ತಿಗೆ ಕೊಡುವ ಪದ್ಧತಿ ಹಿಂದಿನಿಂದಲೂ ಇದೆ. ಆ ಸಂಘಗಳಿಗೇ ಪರದೇಶದ ಮೀನು ಹಿಡಿದು ತೆಗೆಯುವ ಪ್ರತ್ಯೇಕ ಅನುಮತಿ ಕೊಡಲಿ. ದಡದಲ್ಲಿಯೇ ಕೊಂದು, ತೂಕ ಮಾಡಿ, ಚೀಟಿ ಬರೆದು ಹೊರಗೆ ಹೋಗಲಿ. ಜೀವಂತ ಮೀನು ಒಂದೂ ದಡ ಬಿಟ್ಟು ಹೋಗಕೂಡದು. ಇದರಲ್ಲಿ ರಿಯಾಯಿತಿ ಬೇಡ. ಅನುಮತಿ ವರ್ಷ ವರ್ಷ ಪರಿಶೀಲನೆಗೆ ಬರಲಿ, ಹಿಡಿದ ತೂಕ ಏರುತ್ತಲೇ ಹೋದರೆ ಯಾರೋ ಮರಿ ಬಿಡುತ್ತಿದ್ದಾರೆ ಎಂದೇ ಅರ್ಥ, ಆಗ ರದ್ದು ಮಾಡಲಿ. ಹಾಗೆ ಹಿಡಿದದ್ದು ಊಟಕ್ಕೆ ಯೋಗ್ಯವೋ, ಗೊಬ್ಬರಕ್ಕೆ ಹೋಗಬೇಕೋ ಎಂಬುದನ್ನು ನೀರಿನ ಪರೀಕ್ಷೆ ಮಾಡಿ ಇಲಾಖೆಯೇ ಹೇಳಲಿ. ಉಲ್ಹಾಸ್ ನದಿಯ ಕೆಳಭಾಗದ ನೀರಿನ ಬಣ್ಣ ನೋಡಿದವರು ಯಾರೂ ಅಲ್ಲಿನ ಮೀನನ್ನು ತಟ್ಟೆಗೆ ಹಾಕಿ ಎಂದು ಅವಸರ ಮಾಡಲಾರರು.

ನಮ್ಮವರಲ್ಲಿ ಕೆಲವರ ವಾದ ಬೇರೆ. ನಿಷೇಧವನ್ನೇ ತೆಗೆಯಲಿ, ಅಗ್ಗದ ಮೀನು ಸಿಕ್ಕರೆ ಥಾಲಿಯ ದರ ಇಳಿಸಬಹುದು, ಆಫ್ರಿಕಾದವರು ತಿನ್ನುವುದಿಲ್ಲವೇ ಎನ್ನುತ್ತಾರೆ. ತಿನ್ನುತ್ತಾರೆ, ನಿಜ. ನೈಜೀರಿಯಾದಲ್ಲಿ ಸಾಕುವ ಮೀನುಗಳಲ್ಲಿ ಇದೇ ಮೊದಲನೆಯದು. ಮೊಬೈಲಿನಲ್ಲಿ ಹರಿದಾಡುವ ಕ್ಯಾನ್ಸರ್ ಕಥೆಗಳನ್ನು ನಾನೂ ನಂಬುವವನಲ್ಲ. ಮೀನು ವಿಷವಲ್ಲ. ಅದು ಇರಬೇಕಾದ ನೀರು ಇದಲ್ಲ, ಅಷ್ಟೇ. ಜೊತೆಗೆ ಇಲ್ಲಿ ಕದ್ದು ಸಾಕುವವರು ಅದಕ್ಕೆ ಹಾಕುವ ಆಹಾರ ಕಸಾಯಿಖಾನೆಯ ಮತ್ತು ಕೋಳಿ ಅಂಗಡಿಯ ಕೊಳೆತ ಕಸ. ಅಂಥ ಹೊಂಡದ ನೀರನ್ನು ನೋಡಿದ ಮೇಲೂ ಅದನ್ನು ಗಿರಾಕಿಗೆ ಬಡಿಸುವ ಧೈರ್ಯ ನಮ್ಮಲ್ಲಿ ಯಾರಿಗೂ ಬಾರದು.

ಪರದೇಶದ್ದೆಲ್ಲ ನಿಷಿದ್ಧ ಎಂದೂ ಯಾರೂ ತಿಳಿಯಬೇಕಾಗಿಲ್ಲ. ಇಂದು ನಮ್ಮ ಹೊಟೇಲುಗಳಲ್ಲಿ ಖರ್ಚಾಗುವ ವೆನಾಮಿ ಸಿಗಡಿ ಶಾಂತಸಾಗರದ ಆಚೆಯದ್ದು. 2009ರಲ್ಲಿ ಸರಕಾರ ಅದರ ಸಾಕಣೆಗೆ ಅನುಮತಿ ಕೊಟ್ಟಿತು, ಆದರೆ ಹೇಗೆ? ತಾಯಿ ಸಿಗಡಿ ಚೆನ್ನೈಯ ಕ್ವಾರಂಟೈನ್ ಕೇಂದ್ರದ ಮೂಲಕವೇ ಬರಬೇಕು, ಸಾಕುವವನು ಕರಾವಳಿ ಜಲಕೃಷಿ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಬೇಕು. ನಿಯಮದ ದಾರಿಯಲ್ಲಿ ಬಂದದ್ದರಿಂದ ಅದು ಇಂದು ದೇಶಕ್ಕೆ ವಿದೇಶಿ ವಿನಿಮಯ ತರುತ್ತಿದೆ, ನಮಗೂ ಎಟ್ಟಿ ಸುಕ್ಕಕ್ಕೆ ವರ್ಷವಿಡೀ ಮಾಲು ಸಿಗುತ್ತಿದೆ. 1952ರಲ್ಲಿ ಬಂದ ತಿಲಾಪಿಯಾ ಇದಕ್ಕೆ ತದ್ವಿರುದ್ಧ. ಬೆಂಗಳೂರು, ಮೈಸೂರು ಕಡೆ ಜಿಲೇಬಿ ಮೀನು, ಇಲ್ಲಿ ಚಿಲಾಪಿ. ಲಗಾಮಿಲ್ಲದೆ ಬಿಟ್ಟದ್ದರಿಂದ ದೇಶದ ಕೆರೆ ಕೆರೆಯಲ್ಲೂ ಅದೇ ತುಂಬಿತು; ಇನ್ನು ಅದನ್ನು ತೆಗೆಯುವುದು ಯಾರಿಂದಲೂ ಸಾಧ್ಯವಿಲ್ಲ.

ಈಗ ನಮ್ಮ ಮೇಲೆ ಬರುವ ಕಾನೂನಿನ ಮಾತು. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಎಪ್ರಿಲ್ 1ರಿಂದ ಜಾರಿಗೆ ಬಂದಿದೆ. ಅದರಲ್ಲಿ 62-ಎ ಎಂಬ ಹೊಸ ಕಲಮು ಇದೆ. ನಮ್ಮ ವನ್ಯಜೀವಿಗಳಿಗೆ ಅಪಾಯವಾಗುವ ಪರದೇಶದ ಆಕ್ರಮಣಕಾರಿ ಜಾತಿಗಳ ಆಮದು, ವ್ಯಾಪಾರ, ಸ್ವಾಧೀನದಲ್ಲಿ ಇಟ್ಟುಕೊಳ್ಳುವಿಕೆ, ಹರಡುವಿಕೆ ಇವುಗಳನ್ನು ಅಧಿಸೂಚನೆಯ ಮೂಲಕ ನಿಯಂತ್ರಿಸಲು ಅಥವಾ ನಿಷೇಧಿಸಲು ಕೇಂದ್ರಕ್ಕೆ ಅಧಿಕಾರ ಕೊಡಲಾಗಿದೆ. 'ಇಟ್ಟುಕೊಳ್ಳುವಿಕೆ' ಎಂಬ ಶಬ್ದವನ್ನು ಎರಡು ಸಲ ಓದಿ. ನಮ್ಮ ಡೀಪ್ ಫ್ರೀಜರಿನಲ್ಲಿ ಇರುವುದೂ ಇಟ್ಟುಕೊಂಡದ್ದೇ. ನಾಳೆ ಒಂದು ಅಧಿಸೂಚನೆ ಬಂದರೆ ಮೊದಲು ಸಿಕ್ಕಿಬೀಳುವವನು ರಾತ್ರಿ ಹೊಂಡದಿಂದ ಟೆಂಪೋ ತುಂಬುವವನಲ್ಲ. ನಿಶ್ಚಿತ ವಿಳಾಸ, ಬೋರ್ಡು, ಗಲ್ಲಾ ಇರುವ ನಾವು.

ಅದು ನಾಳೆಯ ಮಾತು. ಇವತ್ತಿನ ಕಾನೂನೇ ಸಾಕಷ್ಟಿದೆ. 2006ರ ಆಹಾರ ಸುರಕ್ಷತಾ ಕಾಯಿದೆಯ 50ನೇ ಕಲಮಿನಂತೆ ಗಿರಾಕಿ ಕೇಳಿದ ವಸ್ತು ಬಿಟ್ಟು ಬೇರೆಯದನ್ನು ಕೊಟ್ಟು, ಅದರಿಂದ ಅವನಿಗೆ ನಷ್ಟವಾದರೆ 5 ಲಕ್ಷ ರೂಪಾಯಿ ತನಕ ದಂಡ ಬೀಳಬಹುದು. ಹೆಸರು ಬದಲಾಯಿಸಿ ಬರುವ ಮೀನಿನ ಅಪಾಯ ಇರುವುದು ಇಲ್ಲಿಯೇ. ಜೂನ್-ಜುಲೈ ತಿಂಗಳಲ್ಲಿ ಸಮುದ್ರದ ಮೀನುಗಾರಿಕೆ ಬಂದ್. ಬಂಗುಡೆ, ಅಂಜಲ್, ಮಾಂಜಿಯ ದರ ಆಕಾಶಕ್ಕೇರುತ್ತದೆ. ಆಗ ಆಂಧ್ರದ ಲಾರಿಗಳಲ್ಲಿ ರೋಹು, ಕಾಟ್ಲಾದ ಜೊತೆಗೆ ರೂಪ್‌ಚಂದ್ ಬರುತ್ತದೆ. ದಕ್ಷಿಣ ಅಮೆರಿಕದ ಸಿಹಿನೀರಿನ ಮೀನು, ಆಕಾರದಲ್ಲಿ ಮಾಂಜಿಯ ಹಾಗೆ. ತಿನ್ನಲು ಅಡ್ಡಿಯಿಲ್ಲ, ಆದರೆ ಅದನ್ನು ಪಾಪ್ಲೆಟ್ ಎಂದು ಮೆನು ಕಾರ್ಡಿನಲ್ಲಿ ಬರೆದು ಪಾಪ್ಲೆಟ್‌ನ ದರ ಹಾಕುವುದು ಮೋಸ. ಬಾಸಾ ತುಂಡನ್ನು ಬೇರೆ ಹೆಸರಿನಲ್ಲಿ ಫ್ರೈ ಮಾಡುವುದೂ ಹಾಗೆಯೇ. ಮುಳ್ಳು ತೆಗೆದು ತುಂಡು ಮಾಡಿದ ಮೀನಿನಲ್ಲಿ ಮಾಗುರ್ ಸೇರಿಸಿದರೆ ಎಷ್ಟೋ ವರ್ಷ ಅನುಭವವಿರುವ ಭಂಡಾರಿಗೂ ಮಸಾಲೆ ಹಚ್ಚಿದ ಮೇಲೆ ಗುರುತು ಸಿಗಲಿಕ್ಕಿಲ್ಲ. ಆದುದರಿಂದ ಸಿಹಿನೀರಿನ ಮೀನನ್ನು ಇಡಿಯಾಗಿಯೇ ತರಿಸಿ, ತಲೆ ಸಮೇತ. ಮೀಸೆ ಇದ್ದು, ಚಿಪ್ಪಿಲ್ಲದೆ, ಬೂದು ಮೈಮೇಲೆ ಮೋಡದಂಥ ಕಲೆಗಳಿದ್ದು, ಒಂದೆರಡು ಕಿಲೋಗಿಂತ ಹೆಚ್ಚು ತೂಗಿದರೆ ಅದು ನಮ್ಮ ಮುಗುಡು ಅಲ್ಲ ಎಂದು ತಿಳಿಯಿರಿ.

ಇನ್ನೊಂದು ವಿಷಯ ನಮ್ಮಲ್ಲಿ ಬಹಳ ಮಂದಿಗೆ ಗೊತ್ತೇ ಇಲ್ಲ. ಅದೇ ಕಾಯಿದೆಯ 26ನೇ ಕಲಮಿನಂತೆ ನಮಗೆ ಮಾಲು ಹಾಕುವವನು ಲಿಖಿತ ಖಾತ್ರಿ ಕೊಡಬೇಕು. ಅದಕ್ಕೆ ಫಾರ್ಮ್ 'ಇ' ಎನ್ನುತ್ತಾರೆ. ಎಣ್ಣೆ, ಮಸಾಲೆ, ಪನೀರು ಹಾಕುವ ದೊಡ್ಡ ಕಂಪೆನಿಗಳ ಬಿಲ್ಲಿನ ಕೆಳಗೆ ಈ ಖಾತ್ರಿ ಅಚ್ಚಾಗಿಯೇ ಬರುತ್ತದೆ. ಮೀನಿನವನ ಹತ್ತಿರ ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಡೊಂಬಿವಲಿಯ ನಮ್ಮ ಸ್ನೇಹಿತರೊಬ್ಬರು ಕೇಳಿದ್ದಕ್ಕೆ, 'ಶೇಟ್, ಮೀನಿಗೆಂಥ ಕಾಗದ? ಮೂಸಿ ನೋಡಿ ತಗೊಳ್ಳಿ' ಎಂದನಂತೆ ಟೆಂಪೋದವ. ಇವರು ಹಟ ಬಿಡಲಿಲ್ಲ. ಮೂರನೆಯ ವಾರಕ್ಕೆ ಬೇರೆ ಒಬ್ಬ ವ್ಯಾಪಾರಿ ಸಿಕ್ಕಿದ, ಕಿಲೋಗೆ ಸ್ವಲ್ಪ ಹೆಚ್ಚು ದರ, ಆದರೆ ಬಿಲ್ಲಿನಲ್ಲಿ ಅವನ 14 ಅಂಕೆಯ ಎಫ್‌ಎಸ್‌ಎಸ್‌ಎಐ ನಂಬ್ರ, ಮೀನಿನ ಹೆಸರು, ತೂಕ ಎಲ್ಲ ಸರಿಯಾಗಿ ಬರೆದಿರುತ್ತದೆ. 2022ರ ಜನವರಿಯಿಂದ ಬಿಲ್ಲಿನಲ್ಲಿ ಆ ನಂಬ್ರ ಇರಲೇಬೇಕು ಎಂಬ ನಿಯಮ ನಮಗೆ ಮಾತ್ರ ಅಲ್ಲ, ಅವನಿಗೂ ಇದೆ. ಮಾರುಕಟ್ಟೆಯಲ್ಲಿ ಬುಟ್ಟಿ ಇಟ್ಟು ಕೂತ ಕೋಳಿ ಮಾವಶಿಯಿಂದ ಹೀಗೆ ಕಾಗದ ಕೇಳುವುದು ತಪ್ಪು, ಅವಳ ಮೀನು ಕಣ್ಣೆದುರಿಗೇ ಇಡಿಯಾಗಿ ಇರುತ್ತದೆ. ಕೇಳಬೇಕಾದದ್ದು ತುಂಡು ಮಾಡಿ ಡಬ್ಬಿಯಲ್ಲಿ ತರುವವನನ್ನು.

ಸಸ್ಯಾಹಾರಿ ಹೊಟೇಲಿನ ಮಾಲಕರು ಇಷ್ಟು ಓದಿ, ಇದು ನಮಗೆ ಸಂಬಂಧಿಸಿದ್ದಲ್ಲ ಎಂದು ಪುಟ ತಿರುಗಿಸಬೇಡಿ. ನಿಮ್ಮ ಹಸಿ ಕಸ ಯಾರು ಒಯ್ಯುತ್ತಾರೆ? ರಾತ್ರಿ ಹನ್ನೊಂದರ ಮೇಲೆ ಡ್ರಮ್ಮು ತರುವವನು ಹಂದಿಗೆ, ದನಕ್ಕೆ ಎಂದು ಹೇಳಿ ಉಳಿದ ಅನ್ನ ಸಾಂಬಾರು ತುಂಬಿಕೊಂಡು ಹೋಗುತ್ತಾನೆ. ಮಾಂಸಾಹಾರಿ ಹೊಟೇಲಿನಲ್ಲಿ ಕೋಳಿಯ ಚರ್ಮ, ಕರುಳು, ಮೀನಿನ ತಲೆಯೂ ಅದೇ ಡ್ರಮ್ಮಿಗೆ. ತಿಂಗಳಿಗೆ ಅವನೇ ನಮಗೆ ನಾಲ್ಕು ಕಾಸು ಕೊಡುವುದರಿಂದ ಯಾರೂ ಎಲ್ಲಿಗೆ ಎಂದು ಕೇಳುವುದಿಲ್ಲ. ಕದ್ದು ನಡೆಯುವ ಮಾಗುರ್ ಹೊಂಡಕ್ಕೆ ಬೇಕಾದ ಮೇವು ಇಂಥದ್ದೇ. ನಿಷೇಧಿತ ಮೀನನ್ನು ನಾನು ಕೊಳ್ಳುವುದಿಲ್ಲ ಎಂದು ಮುಂಬಾಗಿಲಲ್ಲಿ ಹೇಳಿ, ಹಿಂಬಾಗಿಲಿನಿಂದ ಅದಕ್ಕೆ ಊಟ ಕಳುಹಿಸಿದರೆ ಏನು ಬಂತು? ದಿನಕ್ಕೆ 100 ಕಿಲೋಗಿಂತ ಹೆಚ್ಚು ಕಸ ಮಾಡುವವರು ಅದರ ವಿಲೇವಾರಿಗೆ ತಾವೇ ಹೊಣೆ ಎಂದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಬಂದಿತ್ತು. ನವಿಮುಂಬಯಿಯ ದೊಡ್ಡ ಹೊಟೇಲುಗಳು, ಮದುವೆ ಹಾಲ್‌ಗಳ ಕೇಟರಿಂಗ್ ನಡೆಸುವ ನಮ್ಮ ಸದಸ್ಯರು ಈ ಮಿತಿಯನ್ನು ಸುಲಭವಾಗಿ ದಾಟುತ್ತಾರೆ. ಕಸ ಒಯ್ಯುವವನಿಂದಲೂ ಒಂದು ಚೀಟಿ ಪಡೆದು ಫೈಲಿನಲ್ಲಿ ಇಡುವುದು ಒಳ್ಳೆಯದು: ಹೆಸರು, ಗಾಡಿ ನಂಬ್ರ, ಎಲ್ಲಿಗೆ ಹೋಗುತ್ತದೆ ಎಂಬುದು.

ಹೊಟೇಲಿನಲ್ಲಿ ಅಕ್ವೇರಿಯಂ ಇಟ್ಟವರಿಗೂ ಒಂದು ಮಾತು. ವಾಸ್ತುವಿಗೆಂದೋ, ಮಕ್ಕಳ ಖುಷಿಗೆಂದೋ ಇಟ್ಟಿರುತ್ತೀರಿ. ಮೀನು ದೊಡ್ಡದಾಗಿ ಗಾಜಿಗೆ ಬಡಿಯತೊಡಗಿದಾಗ ಪಾಪ ಬರುತ್ತದೆಂದು ಹುಡುಗರ ಕೈಯಲ್ಲಿ ಕೊಟ್ಟು ಮಾಸುಂದಾ ಕೆರೆಗೋ ಉಪವನ ಕೆರೆಗೋ ಬಿಡಿಸಬೇಡಿ. ಆಮೆ, ಸಕರ್ ಮೀನು, ಕ್ರೇಫಿಶ್ ಎಲ್ಲಕ್ಕೂ ಇದು ಅನ್ವಯ. ಜಪಾನಿನಲ್ಲಿ 2023ರ ಜೂನ್ 1ರಿಂದ ಅಮೆರಿಕದ ಕ್ರೇಫಿಶ್ ಮತ್ತು ಕೆಂಪು ಕಿವಿಯ ಆಮೆಯನ್ನು ಮಾರುವುದನ್ನೂ ಹೊರಗೆ ಬಿಡುವುದನ್ನೂ ನಿಷೇಧಿಸಿದ್ದಾರೆ. ಮನೆಯಲ್ಲಿ ಈಗಾಗಲೇ ಇರುವುದನ್ನು ಸಾಯುವ ತನಕ ಸಾಕಿಕೊಳ್ಳಿ ಎಂದಿದ್ದಾರೆ. ಬೇಡವಾದರೆ ಕೊಂಡ ಅಂಗಡಿಗೇ ಹಿಂದೆ ಕೊಡುವುದು ನಮಗಿರುವ ಸರಳ ದಾರಿ.

ಸಂಘದ ಮುಂದೆ ನನ್ನ ಬೇಡಿಕೆ ಇಷ್ಟೇ. ಥಾಣೆಯ ಮೀನುಗಾರಿಕಾ ಸಹಾಯಕ ಆಯುಕ್ತರಿಗೆ ನಮ್ಮ ಕಡೆಯಿಂದ ಒಂದು ಮನವಿ ಹೋಗಲಿ. ಅದರಲ್ಲಿ ಮೀನುಗಾರರ ಸಂಘಗಳ ಸಹಿಯೂ ಇರಲಿ, ಏಕೆಂದರೆ ಹೊಟೇಲಿನವರು ಮಾತ್ರ ಕೇಳಿದರೆ ಅಗ್ಗದ ಮೀನಿಗಾಗಿ ಬಂದಿದ್ದಾರೆ ಎಂದು ಕಡತ ಬದಿಗೆ ಹೋಗುತ್ತದೆ. ಸಾಕಣೆಯ ಮೇಲಿನ ನಿಷೇಧ ಹಾಗೆಯೇ ಇರಲಿ ಎಂದು ಮೊದಲ ವಾಕ್ಯದಲ್ಲಿಯೇ ಬರೆಯಬೇಕು. ಹಿಡಿದು ತೆಗೆಯುವ ಅನುಮತಿ ಯಾರಿಗೆ, ಯಾವ ನೀರಿನಲ್ಲಿ, ಯಾವ ತಿಂಗಳಲ್ಲಿ ಎಂಬುದನ್ನು ಇಲಾಖೆ ತೀರ್ಮಾನಿಸಲಿ, ಹಿಡಿದದ್ದನ್ನು ಒಪ್ಪಿಸಲು ಕಲ್ಯಾಣ್ ಪರಿಸರದಲ್ಲಿ ಒಂದು ಜಾಗ ಗೊತ್ತು ಮಾಡಲಿ, ಕಿಲೋಗೆ ಇಷ್ಟು ಎಂದು ಮೀನುಗಾರನಿಗೆ ಕೂಲಿ ಕೊಡಲಿ. ಮಳೆ ಶುರುವಾದರೆ ಹೊಂಡಗಳು ತುಂಬುತ್ತವೆ, ಸಮುದ್ರದ ಮೀನೂ ನಿಲ್ಲುತ್ತದೆ. ಆದುದರಿಂದ ಮನವಿ ಮೇ ತಿಂಗಳ ಒಳಗೆ ಮುಟ್ಟಬೇಕು. ಮರಾಠಿಯಲ್ಲಿಯೇ ಬರೆಯುವುದು ಒಳ್ಳೆಯದು. ನಮ್ಮ ಮಕ್ಕಳಲ್ಲಿ ಇಲ್ಲಿನ ಶಾಲೆಗಳಲ್ಲಿ ಓದಿ ಒಳ್ಳೆಯ ಮರಾಠಿ ಬರೆಯುವವರು ಬೇಕಾದಷ್ಟಿದ್ದಾರೆ. ಕರಡು ತಯಾರಿಸಲು ಮುಂದೆ ಬರುವವರು ಈ ತಿಂಗಳ ಸಭೆಯಲ್ಲಿ ಹೆಸರು ಕೊಡಬಹುದು.